ಬ್ಯಾಟರಿ ಆಂಪ್ಲಿಫೈಯರಿಗೆ ಬ್ಯಾಲೆನ್ಸ್ಡ್ ಲೈನ್ ಕೊಡುವವರೇ, ಔಟ್‌ಪುಟ್‌ನಲ್ಲಿ 6 ವೋಲ್ಟ್ ಕಂಡಿತೆಂದು ನಂಬಿ ಕೂರಬೇಡಿ

ಭಾಗವತರ ಪದ ಚೆನ್ನಾಗಿಯೇ ಬರುತ್ತಿತ್ತು, ಮದ್ದಲೆಯೂ ಸರಿ. ಚಂಡೆಗೆ ಕೋಲು ಬಿದ್ದಾಗ ಮಾತ್ರ ಬಟ್ಟೆ ಹರಿದಂತೆ ಚರ್ ಎಂಬ ಸದ್ದು. ಕುಮಟಾ, ಹೊನ್ನಾವರ ಕಡೆಯ ಬಯಲಾಟಕ್ಕೆಂದು 12 ವೋಲ್ಟ್ ಬ್ಯಾಟರಿಗೆ ಮಾರ್ಪಡಿಸಿದ ಒಂದು ಬೋರ್ಡಿನ ಪಾಡು ಇದು. ಮಿಕ್ಸರಿನ ಬ್ಯಾಲೆನ್ಸ್ಡ್ ಲೈನನ್ನು (ಒಂದೇ ಸಿಗ್ನಲ್ಲನ್ನು ಎರಡು ತಂತಿಯಲ್ಲಿ ಒಂದಕ್ಕೊಂದು ಉಲ್ಟಾ ಒಯ್ಯುವ ಲೈನು) ಹಿಡಿದು ಪವರ್ ಆಂಪ್ಲಿಫೈಯರಿಗೆ ದಾಟಿಸುವುದಷ್ಟೇ ಅದರ ಕೆಲಸ. ಮೈಕು ಬದಲಾಯಿತು, ಕೇಬಲ್ ಬದಲಾಯಿತು, ಕೊನೆಗೆ ಸ್ಪೀಕರಿನ ಕೋನೂ ಬದಲಾಯಿತು. ಚರ್ ಹೋಗಲಿಲ್ಲ.

ಮೂಲ ಸರ್ಕ್ಯೂಟು ಪ್ಲಸ್ 12, ಮೈನಸ್ 12 ಎರಡೂ ಸಪ್ಲೈ ಇರುವಲ್ಲಿಗೆ ಬರೆದದ್ದು: ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ದಾಟಿಸುವ ಡಿಫರೆನ್ಸ್ ಆಂಪ್ಲಿಫೈಯರ್. ಒಂದು ಟಿಎಲ್072 (ಆಪ್-ಆಂಪ್ ಐಸಿ), ನಾಲ್ಕು 10 ಕೆ (ಕಿಲೋ ಓಮ್) ರೆಸಿಸ್ಟರ್, ಗೇನ್ 1, ಅಂದರೆ ಬಂದಷ್ಟೇ ಹೊರಗೆ. ಬ್ಯಾಟರಿಗೆ ತರುವಾಗ ಐಸಿಯ ಮೈನಸ್ ಪಿನ್ನನ್ನು ಗ್ರೌಂಡಿಗೆ ಹಾಕಿದರು. ಪ್ಲಸ್ ಇನ್‌ಪುಟ್‌ನಿಂದ ಗ್ರೌಂಡಿಗೆ ಹೋಗುತ್ತಿದ್ದ ರೆಸಿಸ್ಟರಿನ ತುದಿಯನ್ನು ಕಿತ್ತು ಬ್ಯಾಟರಿಯ ಅರ್ಧವಾದ 6 ವೋಲ್ಟಿಗೆ ಕಟ್ಟಿದರು. ಮಲ್ಟಿಮೀಟರ್ ಇಟ್ಟರೆ ಔಟ್‌ಪುಟ್ ಸರಿಯಾಗಿ 6 ವೋಲ್ಟ್. ಎಲ್ಲರೂ ಮೋಸ ಹೋಗುವುದು ಇಲ್ಲೇ.

ಮೀಟರಿನ ಕಡ್ಡಿಯನ್ನು ಔಟ್‌ಪುಟ್ ಬಿಟ್ಟು ಪ್ಲಸ್ ಇನ್‌ಪುಟ್ ಪಿನ್ನಿಗೇ ಮುಟ್ಟಿಸಿ ನೋಡಿ. ಮಿಕ್ಸರಿನ ತಂತಿ 0 ವೋಲ್ಟಿನಲ್ಲಿದೆ, ಇನ್ನೊಂದು ತುದಿ 6ರಲ್ಲಿ, ನಡುವೆ ಎರಡು 10 ಕೆ. ಹಾಗಾಗಿ ಪಿನ್ನಿನಲ್ಲಿರುವುದು 3 ವೋಲ್ಟ್. ಸಾಮಾನ್ಯ ಟಿಎಲ್072ಗೆ ಇನ್‌ಪುಟ್ ಪಿನ್ನು ಮೈನಸ್ ಸಪ್ಲೈಗಿಂತ (ಇಲ್ಲಿ ಗ್ರೌಂಡಿಗಿಂತ) 4 ವೋಲ್ಟ್ ಮೇಲಿದ್ದರಷ್ಟೇ ಡೇಟಾಶೀಟಿನ ಖಾತ್ರಿ. 3 ಎಂದರೆ ಹೊಸ್ತಿಲ ಮೇಲೆ ನಿಂತ ಹಾಗೆ. ಮೆಲ್ಲಗಿನ ಪದಕ್ಕೆ ಅದು ಹೇಗೋ ನಡೆಯುತ್ತದೆ. ಚಂಡೆಯ ಪೆಟ್ಟಿಗೆ ಲೈನು +12 ಡಿಬಿಯು (ಸಿಗ್ನಲ್ ಮಟ್ಟದ ಅಳತೆ) ಮುಟ್ಟಿತೆನ್ನಿ. ಒಂದೊಂದು ತಂತಿಯೂ 2.2 ವೋಲ್ಟ್ ಮೇಲೆ ಕೆಳಗೆ ಆಡುತ್ತದೆ, ಪಿನ್ನು 1.9ಕ್ಕೆ ಜಾರುತ್ತದೆ. ಈ ಜಾತಿಯ ಐಸಿ ಅಲ್ಲಿ ಸುಮ್ಮನೆ ತುದಿ ಕತ್ತರಿಸುವುದಿಲ್ಲ, ತಿರುಗಿ ಬೀಳುತ್ತದೆ: 1.6ಕ್ಕೆ ಇಳಿಯಬೇಕಿದ್ದ ಔಟ್‌ಪುಟ್ ಒಮ್ಮೆಲೇ ಮೇಲಿನ ತುದಿಗೆ ಹಾರುತ್ತದೆ. ಕಿವಿಗೆ ಕೇಳಿದ ಚರ್ ಅದೇ.

ಗೇನ್ ಹೆಚ್ಚಿಸಿದಷ್ಟೂ ಪರಿಸ್ಥಿತಿ ಕೆಡುತ್ತದೆ. 10 ಕೆ ಮತ್ತು 100 ಕೆ ಹಾಕಿ ಹತ್ತು ಪಟ್ಟು ಮಾಡಿದರೆ ಪಿನ್ನಿನಲ್ಲಿ ಉಳಿಯುವುದು 0.55 ವೋಲ್ಟ್. ಕಾಗದದ ಲೆಕ್ಕ ಆಗಲೂ ಔಟ್‌ಪುಟ್ 6 ಎಂದೇ ಹೇಳುತ್ತದೆ.

ಪರಿಹಾರಕ್ಕೆ ಬೇಕಾದದ್ದು ಎರಡು ಕೆಪಾಸಿಟರ್, ಎರಡು ತಂತಿಗೂ ಒಂದೊಂದು. ಅವು ಡಿಸಿಯನ್ನು ತಡೆದ ಕೂಡಲೇ ಎರಡೂ ಇನ್‌ಪುಟ್ ಪಿನ್ನುಗಳು ತಾವಾಗಿ 6 ವೋಲ್ಟಿಗೆ ಬಂದು ನಿಲ್ಲುತ್ತವೆ. ಎಲೆಕ್ಟ್ರೋಲಿಟಿಕ್ ಆದರೆ ಪ್ಲಸ್ ಕಾಲು ಐಸಿಯ ಕಡೆಗೆ. ಅದೇ ಬೋರ್ಡಿಗೆ ಮೈಕು ನೇರವಾಗಿ ಹಾಕಿ 48 ವೋಲ್ಟ್ ಫ್ಯಾಂಟಮ್ (ಮೈಕಿಗೆ ಅದೇ ತಂತಿಯಲ್ಲಿ ಹೋಗುವ ಸಪ್ಲೈ) ಕೊಡುವುದಿದ್ದರೆ ಮಾತ್ರ ಪ್ಲಸ್ ಕಾಲು ಮೈಕಿನ ಕಡೆಗೆ, ಕೆಪಾಸಿಟರು 63 ವೋಲ್ಟಿನದು. 16 ವೋಲ್ಟಿನದನ್ನು ಅಲ್ಲಿಟ್ಟರೆ ಅದು ಉಬ್ಬುವುದನ್ನು ಕಾಯುತ್ತ ಕೂರಬೇಕಾಗುತ್ತದೆ. ಬೆಲೆ 22 ಮೈಕ್ರೊಫ್ಯಾರಡ್ ಇರಲಿ. ಡಬ್ಬಿಯಲ್ಲಿ ಸಿಕ್ಕಿತೆಂದು 1 ಮೈಕ್ರೊ ಹಾಕಿದರೆ 50 ಹರ್ಟ್ಜ್‌ನಲ್ಲಿ ಅದು 3.2 ಕೆ ಆಗಿ ಕೂರುತ್ತದೆ. ಎರಡರ ನಡುವೆ ಶೇಕಡಾ 20 ಫರಕಿದ್ದರೆ 600 ಓಮ್‌ಗೂ ಹೆಚ್ಚಿನ ಅಸಮತೋಲ, ಅಷ್ಟರಲ್ಲಿ ಹಮ್ (ಕರೆಂಟಿನ ಗುಂಯ್ ಸದ್ದು) ನುಸುಳುತ್ತದೆ. 22 ಮೈಕ್ರೊ ಆದರೆ ಅದೇ ಫರಕು 30 ಓಮ್ ಒಳಗೇ ಮುಗಿಯುತ್ತದೆ. ಮೂರು ಪಿನ್ನಿನ ಎಕ್ಸ್ಎಲ್ಆರ್ ಜ್ಯಾಕಿನ ಹತ್ತಿರ, ಸಿಗ್ನಲ್ ತಂತಿಗಳ ಪಿನ್ 2 ಮತ್ತು 3ರಿಂದ ಗ್ರೌಂಡಿಗೆ ಒಂದೊಂದು 100 ಕೆ ಹಾಕಿ, ಇಲ್ಲದಿದ್ದರೆ ಪ್ಲಗ್ ಚುಚ್ಚಿದಾಗಲೆಲ್ಲ ಢಬ್ ಎನ್ನುತ್ತದೆ.

ಕೆಪಾಸಿಟರ್ ಹಾಕಿದ ಮೇಲೆ ಚರ್ ನಿಂತಿತು. ಆದರೆ ಹಮ್ ಹಾಗೇ ಇತ್ತು, ಅದಕ್ಕೆ ಕಾರಣ ಬೇರೆ. 6 ವೋಲ್ಟ್ ಮಾಡಿದ್ದು ಬ್ಯಾಟರಿಯನ್ನು ಎರಡು 10 ಕೆಯಿಂದ ಭಾಗಿಸಿ, ಕೆಳಗೆ 0.1 ಮೈಕ್ರೊದ ಒಂದು ಸಣ್ಣ ಡಿಸ್ಕ್ ಇಟ್ಟು. 50 ಹರ್ಟ್ಜ್‌ಗೆ ಆ ಡಿಸ್ಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡು 10 ಕೆ ಸೇರಿ 5 ಕೆ ಆಗಿ ಪ್ಲಸ್ ಕಡೆಯ 10 ಕೆಗೆ ಸರಣಿಯಲ್ಲಿ ಜೋಡಿಕೊಂಡವು. ನಾಲ್ಕು ಸಮಾನ ಇರಬೇಕಾದಲ್ಲಿ ಒಂದು 15 ಕೆ! ಎರಡು ತಂತಿಗೂ ಸಮನಾಗಿ ಬಂದ 1 ವೋಲ್ಟ್ ಹಮ್ಮಿನಲ್ಲಿ 0.2 ವೋಲ್ಟ್ ಔಟ್‌ಪುಟ್ಟಿಗೆ ದಾಟುತ್ತದೆ, ಅಂದರೆ 14 ಡೆಸಿಬೆಲ್ ತಡೆ ಮಾತ್ರ. ಇಷ್ಟಕ್ಕೆ ಬ್ಯಾಲೆನ್ಸ್ಡ್ ಕೇಬಲ್ಲಿನ ದುಡ್ಡು ದಂಡ. ಜನರೇಟರ್ ಪಕ್ಕದಲ್ಲೇ ಲೈನು ಎಳೆಯುವ ಗದ್ದೆಯಲ್ಲಿ ಇದನ್ನು ಬೇರೆ ಹೇಳಬೇಕಾಗಿಲ್ಲ.

6 ವೋಲ್ಟಿಗೆ ಬಫರ್ (ವೋಲ್ಟೇಜ್ ಬದಲಿಸದೆ ಕರೆಂಟು ಕೊಟ್ಟು ತೆಗೆದುಕೊಳ್ಳುವ ಆಂಪ್ಲಿಫೈಯರ್) ಬೇಕೇ ಬೇಕು. ಎನ್‌ಇ5532 (ಒಳಗೆ ಎರಡು ಆಪ್-ಆಂಪ್ ಇರುವ ಐಸಿ) ಹಾಕಿದರೆ ಒಂದು ಅರ್ಧ ಡಿಫರೆನ್ಸ್ ಆಂಪ್ಲಿಫೈಯರ್, ಇನ್ನೊಂದು ಅರ್ಧ ಬಫರ್. 10 ಕೆ ಎರಡು, ಅವುಗಳ ನಡುವಿನ ಬಿಂದುವಿನಿಂದ ಗ್ರೌಂಡಿಗೆ 100 ಮೈಕ್ರೊ, ಅಲ್ಲಿಂದ ಬಫರ್. ದೊಡ್ಡ ಕೆಪಾಸಿಟರನ್ನು ಬಫರಿನ ಔಟ್‌ಪುಟ್ಟಿಗೆ ಕಟ್ಟಬೇಡಿ, ಐಸಿ ನಮ್ಮ ಕಿವಿಗೆ ಕೇಳದ ಆವರ್ತನದಲ್ಲಿ ಆಂದೋಲನಕ್ಕೆ ಬಿದ್ದು ಬಿಸಿಯಾಗುತ್ತದೆ. ಕೆಲವರು ಬಫರಿನ ಬದಲು 7806 ರೆಗ್ಯುಲೇಟರ್ ಇಡುತ್ತಾರೆ. ಅದು ಕರೆಂಟು ಕೊಡುತ್ತದೆ, ವಾಪಸು ಬಂದದ್ದನ್ನು ನುಂಗುವುದಿಲ್ಲ. ಮೇಲಾಗಿ ಬ್ಯಾಟರಿ 14ರಿಂದ 11ಕ್ಕೆ ಇಳಿದರೂ ಅದು 6ರಲ್ಲೇ ನಿಂತಿರುತ್ತದೆ, ನಡುಬಿಂದು ನಡುವಿನಲ್ಲಿ ಉಳಿಯುವುದಿಲ್ಲ.

ರೆಸಿಸ್ಟರುಗಳು ಶೇಕಡಾ 1ರ ಮೆಟಲ್ ಫಿಲ್ಮ್. ಆದರೆ ಪ್ಯಾಕೆಟ್ಟಿನಿಂದ ತೆಗೆದು ಹಾಗೇ ಹಾಕಿದರೆ ಕೆಟ್ಟ ಜೋಡಣೆಯಲ್ಲಿ ತಡೆ 34 ಡೆಸಿಬೆಲ್ಲಿಗೇ ನಿಲ್ಲಬಹುದು. ನೂರರ ಪ್ಯಾಕೆಟ್ ತಂದು ಒಂದೇ ಮೀಟರಿನಲ್ಲಿ ಅಳೆದು ಹೊಂದುವ ನಾಲ್ಕನ್ನು ಆರಿಸಿ. 10.00 ಬರಲೇಬೇಕೆಂದಿಲ್ಲ, ನಾಲ್ಕೂ 9.96 ಇದ್ದರೆ ಇನ್ನೇನು ಬೇಕು ಮಾರಾಯ್ರೇ.

ಗೇನ್ ವಿಷಯದಲ್ಲಿ ಆಸೆ ಬೇಡ. 12 ವೋಲ್ಟಿನಲ್ಲಿ ಈ ಐಸಿ ನಡುಬಿಂದುವಿನಿಂದ ಆಚೀಚೆ ಸುಮಾರು 4 ವೋಲ್ಟ್ ಆಡುತ್ತದೆ, ಮಿಕ್ಸರಿನ +16 ಡಿಬಿಯು ಎಂದರೆ ತುದಿಯಲ್ಲಿ ಸುಮಾರು 7 ವೋಲ್ಟ್. ಇನ್‌ಪುಟ್ ಕಡೆಯ ಎರಡು ರೆಸಿಸ್ಟರ್ 20 ಕೆ, ಉಳಿದೆರಡು 10 ಕೆ ಮಾಡಿ ಅರ್ಧಕ್ಕೆ ಇಳಿಸಿ. ಕಡಿಮೆಯಾದ 6 ಡೆಸಿಬೆಲ್ಲನ್ನು ಪವರ್ ಆಂಪ್ಲಿಫೈಯರಿನ ನಾಬಿನಲ್ಲಿ ವಾಪಸು ತೆಗೆದುಕೊಂಡರಾಯಿತು.

ಬ್ಯಾಟರಿ ಕುಸಿದಾಗ ದೋಣಿಯ ಇಂಜಿನ್ನಿನ ಹಾಗೆ ಪುಟಪುಟ ಎಂದರೆ ಸಪ್ಲೈ ದಾರಿಯಿಂದ ಸಿಗ್ನಲ್ ಹಿಂದಕ್ಕೆ ಬರುತ್ತಿದೆ ಎಂದರ್ಥ. ಈ ಬೋರ್ಡಿನ ಸಪ್ಲೈಗೆ 100 ಓಮ್ ಸರಣಿಯಲ್ಲಿ, ಅದರ ನಂತರ 470 ಮೈಕ್ರೊ ಇಡಿ. ನಡುಬಿಂದು ಏರಲು ಎರಡೂವರೆ ಸೆಕೆಂಡ್ ಬೇಕು, ಆದ್ದರಿಂದ ಸ್ಪೀಕರನ್ನು ಜೋಡಿಸುವ ರಿಲೇ 4 ಸೆಕೆಂಡ್ ತಡವಾಗಿ ಬೀಳಲಿ.

ಕರಾವಳಿಯವರು ಇನ್ನೊಂದು ಗಮನಿಸಬೇಕು. ಕೆಪಾಸಿಟರಿನ ನಂತರ 1 ಮೆಗಾ ಓಮಿನಲ್ಲಿ ಬಯಾಸ್ (ಪಿನ್ನಿಗೆ ನಡುಬಿಂದುವಿನ ವೋಲ್ಟೇಜ್) ಕೊಡುವ ನಕ್ಷೆಗಳೂ ಇವೆ. ಎನ್‌ಇ5532ರ ಇನ್‌ಪುಟ್ ಕರೆಂಟು ಸಾಮಾನ್ಯವಾಗಿ 200 ನ್ಯಾನೊ ಆಂಪಿಯರ್, ಅಷ್ಟಕ್ಕೇ 0.2 ವೋಲ್ಟ್ ಇಳಿಯುತ್ತದೆ. ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿ ಕೂತ ಬೋರ್ಡಿನ ಮೇಲೆ ಉಪ್ಪಿನ ಪಸೆ, ಅಂಟಾದ ಫ್ಲಕ್ಸು ಸೇರಿ 10 ಮೆಗಾ ಓಮ್ ಸೋರಿಕೆಯಾದರೆ ಮತ್ತೆ ಅರ್ಧ ವೋಲ್ಟ್ ಹೋಯಿತು. ಬಯಾಸ್ ರೆಸಿಸ್ಟರು 22 ಕೆ ಇದ್ದಿದ್ದರೆ ಅದೇ ಸೋರಿಕೆ 13 ಮಿಲಿವೋಲ್ಟ್ ಮಾತ್ರ. ತಿರುಗಾಟ ಶುರುವಾಗುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಬ್ರಷ್ ಹಾಕಿ ತೊಳೆದು, ಒಣಗಿಸಿ, ಮೇಲೆ ವಾರ್ನಿಷ್ ಕೊಡಿ. ತೊಳೆಯದೆ ವಾರ್ನಿಷ್ ಬಳಿದರೆ ಉಪ್ಪು ಒಳಗೇ ಉಳಿಯುತ್ತದೆ.

ಆಟಕ್ಕೆ ಒಯ್ಯುವ ಮುನ್ನ ಮೇಜಿನ ಮೇಲೆ: ಸಿಗ್ನಲ್ ಇಲ್ಲದೆ ಎರಡೂ ಇನ್‌ಪುಟ್ ಪಿನ್, ಔಟ್‌ಪುಟ್, ನಡುಬಿಂದು ನಾಲ್ಕೂ ಬ್ಯಾಟರಿಯ ಅರ್ಧಕ್ಕೆ ಹತ್ತಿರ ಇರಬೇಕು. ಆಮೇಲೆ ಜ್ಯಾಕಿನ ಪಿನ್ 2 ಮತ್ತು 3ನ್ನು ಒಟ್ಟಿಗೆ ಸೇರಿಸಿ, ಪಿನ್ 1ಕ್ಕೂ ಅದಕ್ಕೂ ನಡುವೆ ಫೋನಿನ ಟೋನ್ ಆಪ್‌ನಿಂದ 50 ಹರ್ಟ್ಜ್ ಕೊಟ್ಟು ಎಸಿಯಲ್ಲಿ ಅಳೆಯಿರಿ. ಅರ್ಧ ವೋಲ್ಟ್ ಕೊಟ್ಟಾಗ ಔಟ್‌ಪುಟ್ಟಿನಲ್ಲಿ 5 ಮಿಲಿವೋಲ್ಟಿಗಿಂತ ಹೆಚ್ಚು ಬಂದರೆ ರೆಸಿಸ್ಟರ್ ಜೋಡಿಯನ್ನು ಮತ್ತೆ ನೋಡಿ. ಪಿನ್ 1 ಪೆಟ್ಟಿಗೆಯ ಲೋಹಕ್ಕೆ ಹೋಗಲಿ, 6 ವೋಲ್ಟಿನ ಬಿಂದುವಿಗೆ ಎಂದೂ ಬೇಡ. ಮಿಕ್ಸರಿನ ಗ್ರೌಂಡ್ ಸೇರಿದ ಕ್ಷಣ ಬಫರ್ ಶಾರ್ಟ್ ಆಗುತ್ತದೆ. ಪವರ್ ಆಂಪ್ಲಿಫೈಯರು ಕಾರಿನ ಬ್ರಿಜ್ ಜಾತಿಯದಾದರೆ ಸ್ಪೀಕರಿನ ಮೈನಸ್ ತಂತಿಯೂ ಸಪ್ಲೈಯ ಅರ್ಧದಲ್ಲೇ ಇರುತ್ತದೆ, ಅದನ್ನೂ ಪೆಟ್ಟಿಗೆಗೆ ಮುಟ್ಟಿಸಬೇಡಿ.