1999ರ ಸ್ಕಾಟ್ಲೆಂಡ್ ನೋಡಬೇಕಾದರೆ: ಹಾಲಿರೂಡ್ ಸಂಸತ್ ಭವನ

1999ರಲ್ಲಿ ಶುರುವಾದ ಸ್ಕಾಟ್ಲೆಂಡಿನ ಸಂಸತ್ತಿನ ಈ ಭವನ ಎಡಿನ್‌ಬರೋದ ರಾಯಲ್ ಮೈಲ್ ಎಂಬ ಹಳೆಯ ಬೀದಿಯ ಇಳಿಜಾರಿನ ಕೆಳತುದಿಯಲ್ಲಿ, ಹಾಲಿರೂಡ್ ಅರಮನೆಯ ಎದುರಿಗೇ ಇದೆ. ಪ್ರವೇಶ ಉಚಿತ, ಬಾಗಿಲಲ್ಲಿ ವಿಮಾನ ನಿಲ್ದಾಣದ ಥರ ತಪಾಸಣೆ. ಭಾನುವಾರ ರಜೆ.

ಮೊದಲು ನೋಡಬೇಕಾದ್ದು ಸಂಸತ್ತಿನ ಅಧಿಕಾರದ ಗುರುತಾದ ಬೆಳ್ಳಿಯ ರಾಜದಂಡ. 1999ರ ಜುಲೈ 1ರಂದು ಎರಡನೇ ಎಲಿಜಬೆತ್ ರಾಣಿ ಕೊಟ್ಟದ್ದು. ಸ್ಕಾಟಿಷ್ ಹೊಳೆಗಳಲ್ಲಿ ಜಾಲಿಸಿ ತೆಗೆದ ಚಿನ್ನದ ಪಟ್ಟಿ ಅದಕ್ಕಿದೆ. ತಲೆಭಾಗದಲ್ಲಿ ವಿವೇಕ, ನ್ಯಾಯ, ಕರುಣೆ, ಪ್ರಾಮಾಣಿಕತೆ ಎಂಬ ಅರ್ಥದ ನಾಲ್ಕು ಪದ. ಆ ವರ್ಷ ಮೇ 6ಕ್ಕೆ ಸಂಸತ್ತಿನ ಚುನಾವಣೆ, 12ಕ್ಕೆ ಮೊದಲ ಸಭೆ. ಆದರೆ ಆ ಸಭೆ, ರಾಣಿಯ ಸಮಾರಂಭ ನಡೆದದ್ದು ಇಲ್ಲಲ್ಲ, ಮೌಂಡ್ ಗುಡ್ಡದ ಚರ್ಚ್ ಸಭಾಂಗಣದಲ್ಲಿ. ಈ ಭವನ ತೆರೆದದ್ದು 2004ರಲ್ಲಿ. 4 ಕೋಟಿ ಪೌಂಡ್ ಒಳಗೆ ಮುಗಿಯುತ್ತದೆ ಅಂದಿದ್ದ ಖರ್ಚು ಹನುಮಂತನ ಬಾಲವಾಗಿ 41 ಕೋಟಿ ದಾಟಿತು. 2006ರಲ್ಲಿ ಸಭಾಂಗಣದ ಚಾವಣಿಯ ಮರದ ತೊಲೆಯೊಂದು ಕಳಚಿ ಜೋತಾಡಿತ್ತು, ತಲೆಯೆತ್ತಿ ನೋಡಿ.

ಕಲಾಪ ಸಾಮಾನ್ಯವಾಗಿ ಮಂಗಳವಾರದಿಂದ ಗುರುವಾರ. ಗುರುವಾರ ಮಧ್ಯಾಹ್ನ 12ಕ್ಕೆ ಸರ್ಕಾರದ ಮುಖ್ಯಸ್ಥರಾದ ಫಸ್ಟ್ ಮಿನಿಸ್ಟರ್ ಜೊತೆಗಿನ ಪ್ರಶ್ನೋತ್ತರವೇ ನಿಜವಾದ ಆಕರ್ಷಣೆ, ಟಿಕೆಟ್ ಮೊದಲೇ ಕಾದಿರಿಸಿ. ಪ್ರವಾಸಿಗರು ಎಡವುವುದು ಜುಲೈ-ಆಗಸ್ಟ್‌ನಲ್ಲಿ: ಊರಲ್ಲಿ ಕಲಾ ಉತ್ಸವಗಳ ಜಾತ್ರೆ, ಸದನಕ್ಕೆ ಬೇಸಿಗೆ ರಜೆ, 129 ಸದಸ್ಯರ ಕುರ್ಚಿಗಳೂ ಖಾಲಿ.