ಇನ್ವರ್ಟರೋ, ಹೊತ್ತೊಯ್ಯುವ ಪೆಟ್ಟಿಗೆಯೋ: ಒಂದು ಕ್ಯಾಂಪು, ಒಂದು ಮಳೆಗಾಲ

ಕಳೆದ ಜುಲೈಯಲ್ಲಿ ನಮ್ಮೂರಿನ ಲೈನಿನ ಮೇಲೆ ಮತ್ತಿ ಮರ ಬಿದ್ದು ಮೂರು ದಿನ ಕರೆಂಟು ಇದ್ದೂ ಇಲ್ಲದ ಹಾಗಿತ್ತು. ಸಾಗರ ತಾಲೂಕಿನಲ್ಲಿ ಮಳೆಗಾಲ ಕಳೆದವರಿಗೆ ಇದು ಹೊಸತಲ್ಲ. ನನಗೆ ಹೊಸತಾಗಿದ್ದು ಇಷ್ಟೇ: ಈ ಸಲ ಮನೆಯಲ್ಲಿ ಎರಡು ಥರದ ಬ್ಯಾಟರಿ ಇದ್ದವು, ಜೊತೆಗೆ ಕೈಯಲ್ಲಿ, ಯಾವ ಸಾಮಾನು ಎಷ್ಟು ಕರೆಂಟು ತಿಂದಿತು ಅಂತ ತೋರಿಸುವ ಒಂದು ಪ್ಲಗ್ ಮೀಟರ್. ಒಂದು, ನಾಲ್ಕು ವರ್ಷ ಹಳೆಯ ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ, ಅಂದರೆ ಸೀಸ ಮತ್ತು ಆಸಿಡ್‌ನದು. ಇನ್ನೊಂದು, ಡಿಸೆಂಬರಿನಲ್ಲಿ ಕ್ಯಾಂಪಿಂಗಿಗೆ ಅಂತ ಹೆಂಡತಿಯ ಬೈಗುಳದ ನಡುವೆ ತಂದ 1024 ವ್ಯಾಟ್-ಅವರ್‌ನ (ಒಂದು ವ್ಯಾಟಿನ ಸಾಮಾನನ್ನು ಅಷ್ಟು ಗಂಟೆ ಓಡಿಸುವಷ್ಟು) ಪವರ್ ಸ್ಟೇಷನ್, ಅಂದರೆ ಬ್ಯಾಟರಿ, ಇನ್ವರ್ಟರ್ ಎರಡೂ ಒಳಗೇ ಇರುವ, ಹೊತ್ತೊಯ್ಯುವ ಸಾಧನ. ಮನೆಯಲ್ಲಿ ಅದಕ್ಕೆ ‘ಪೆಟ್ಟಿಗೆ’ ಅಂತಲೇ ಹೆಸರು. ಕಂಪನಿಗಳ ಹೆಸರು ಬರೆಯುವುದಿಲ್ಲ.

ಮೊದಲು ದುಡ್ಡಿನ ಮಾತು. ಇನ್ವರ್ಟರ್, ಬ್ಯಾಟರಿ, ಟ್ರಾಲಿ, ವೈರಿಂಗ್ ಎಲ್ಲ ಸೇರಿ ಆಗ 24,000 ಆಗಿತ್ತು. ಪೆಟ್ಟಿಗೆಗೆ ಕೊಟ್ಟದ್ದು 68,000. ಲೆಕ್ಕದ ಪ್ರಕಾರ ಟ್ಯೂಬ್ಯುಲರ್‌ನಲ್ಲಿ 12 ವೋಲ್ಟ್ ಗುಣಿಸು 150, ಅಂದರೆ 1800 ವ್ಯಾಟ್-ಅವರ್ ಇರಬೇಕು. ಹಾಗಾದರೆ ಮೂರು ಪಟ್ಟು ದುಡ್ಡು ಕೊಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಂದ ಹಾಗಾಯಿತಲ್ಲ ಅಂತ ಭಾವ ನಕ್ಕಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ರಾತ್ರಿ ಎರಡು ಹಳೇ ಫ್ಯಾನು, ಮೂರು ಎಲ್‌ಇಡಿ ಟ್ಯೂಬು, ರೌಟರ್ ಸೇರಿ ಸುಮಾರು 220 ವ್ಯಾಟ್ ಇನ್ವರ್ಟರ್ ಮೇಲಿತ್ತು. ಮೂರೂವರೆ ಗಂಟೆ ಓಡಿ, ಬೀಪ್ ಬೀಪ್ ಅಂತ ಕೂಗಿ ಮಲಗಿತು. ಅಂದರೆ ನಮಗೆ ಸಿಕ್ಕಿದ್ದು 770 ವ್ಯಾಟ್-ಅವರ್. ಹೊಸದಿದ್ದಾಗ ಇದೇ ಲೋಡು ಐದು ಗಂಟೆ ಎಳೆಯುತ್ತಿತ್ತು, ಆಗಲೂ 1100 ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಬ್ಯಾಟರಿ ಮೇಲೆ ಬರೆದ 150, ಇಪ್ಪತ್ತು ಗಂಟೆ ನಿಧಾನವಾಗಿ ಏಳೂವರೆ ಆಂಪಿಯರ್‌ನಂತೆ ತೆಗೆದರೆ ಸಿಗುವ ಲೆಕ್ಕ. ನಾವು ತೆಗೆಯುತ್ತಿದ್ದುದು ಇಪ್ಪತ್ತು ಆಂಪಿಯರ್ ಮೇಲೆ. ಬೇಗ ಎಳೆದಷ್ಟೂ ಸೀಸದ ಬ್ಯಾಟರಿ ಕಡಿಮೆ ಕೊಡುತ್ತದೆ. ಜೊತೆಗೆ ಅದು ಪೂರ್ತಿ ಖಾಲಿಯಾಗುವ ಮೊದಲೇ ಇನ್ವರ್ಟರ್ ಕೈ ಬಿಡುತ್ತದೆ, ಬಿಡಲೂಬೇಕು. ಪೆಟ್ಟಿಗೆಯ ಮೇಲೆ ಹೆಚ್ಚುಕಡಿಮೆ ಇಷ್ಟೇ ಲೋಡು ಹಾಕಿ ಮೀಟರ್ ನೋಡಿದಾಗ 870 ಸಿಕ್ಕಿತ್ತು. ಬರೆದದ್ದು 1800 ಇರುವಲ್ಲಿ 770, 1024 ಇರುವಲ್ಲಿ 870. ಭಾವನಿಗೆ ಮೀಟರಿನ ಫೋಟೊ ಕಳಿಸಿದೆ, ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಹಾಗಂತ ಪೆಟ್ಟಿಗೆಯೂ ಸಾಚಾ ಅಲ್ಲ. ಒಂದು ರಾತ್ರಿ ಬರೀ ರೌಟರನ್ನು ಅದರ ಎಸಿ ಪ್ಲಗ್ಗಿಗೆ ಹಾಕಿ ಮಲಗಿದೆ. 12 ವ್ಯಾಟಿನ ರೌಟರ್, ಹತ್ತು ಗಂಟೆಯಲ್ಲಿ 120 ವ್ಯಾಟ್-ಅವರ್, ಪೆಟ್ಟಿಗೆಯ ಹನ್ನೆರಡು ಪರ್ಸೆಂಟ್ ಆಗಬೇಕು. ಬೆಳಿಗ್ಗೆ ನೋಡಿದರೆ ನೂರು ಪರ್ಸೆಂಟ್ ಇದ್ದದ್ದು 72ಕ್ಕೆ ಇಳಿದಿತ್ತು. ಎಸಿ ಸ್ವಿಚ್ ಹಾಕಿದ ಕೂಡಲೇ ಒಳಗಿನ ಇನ್ವರ್ಟರ್ ಎಚ್ಚರವಾಗಿ ಕೂತು ತನ್ನ ಪಾಲು ತಿನ್ನುತ್ತದೆ, ರೌಟರ್ ತಿನ್ನುವುದಕ್ಕಿಂತ ಜಾಸ್ತಿಯೇ. ಮರುದಿನ ಅದೇ ರೌಟರನ್ನು 12 ವೋಲ್ಟಿನ ಡಿಸಿ ತೂತಿಗೆ ಕೊಟ್ಟೆ. ಬೆಳಿಗ್ಗೆ 84. ಪೆಟ್ಟಿಗೆ ಇರುವವರು ಮೊಬೈಲು, ರೌಟರು, ಸಣ್ಣ ದೀಪ ಯಾವುದನ್ನೂ ಎಸಿಗೆ ಚುಚ್ಚಬೇಡಿ.

ನನ್ನ ಅಭಿಪ್ರಾಯ ಬದಲಾಗಿದ್ದು ಎರಡನೇ ದಿನ ಮಧ್ಯಾಹ್ನ. ಒಂದೂಕಾಲು ಗಂಟೆ ಕರೆಂಟು ಬಂದು, ಮತ್ತೆಲ್ಲೋ ಕೊಂಬೆ ತಾಗಿ ಹೋಯಿತು. ಇನ್ವರ್ಟರ್ ತನ್ನ ಬ್ಯಾಟರಿಗೆ ಕೊಡುವುದು 12 ಆಂಪಿಯರ್. ಅಷ್ಟು ಹೊತ್ತಿನಲ್ಲಿ ಒಳಗೆ ಹೋಗಿದ್ದು 15 ಆಂಪಿಯರ್-ಅವರ್, ಹತ್ತರಲ್ಲಿ ಒಂದು ಪಾಲು. ತುಂಬಲು ಇಡೀ ದಿನ ಬೇಕು, ಆ ದಿನವೇ ನಮ್ಮಲ್ಲಿ ಇಲ್ಲ. ಪೆಟ್ಟಿಗೆ 18 ಪರ್ಸೆಂಟಿನಲ್ಲಿತ್ತು. ಪೂರ್ತಿ ವೇಗದ ಚಾರ್ಜಿಗೆ ಹಾಕಿದ್ದೇ ಅಡುಗೆಮನೆ ಬಲ್ಬು ಎಣ್ಣೆ ದೀಪದ ಹಾಗೆ ಕುಗ್ಗಿತು, ವೋಲ್ಟೇಜು 175ಕ್ಕೆ ಬಿತ್ತು, ಪೆಟ್ಟಿಗೆ ಚಾರ್ಜಿಂಗ್ ನಿಲ್ಲಿಸಿ ಎರರ್ ತೋರಿಸಿತು. ಆ್ಯಪಿನಲ್ಲಿ 500 ವ್ಯಾಟಿಗೆ ಇಳಿಸಿದ ಮೇಲೆ ಸುಮ್ಮನೆ ಕುಡಿಯತೊಡಗಿತು. ಕರೆಂಟು ಹೋಗುವಾಗ 75. ಆ ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಬ್ಬಸ ಬಂದಾಗ ನೆಬ್ಯುಲೈಸರ್ ಓಡಿದ್ದು ಆ 75ರಲ್ಲೇ. 130 ವ್ಯಾಟ್, ಹತ್ತು ನಿಮಿಷ, ಮೂರು ಪರ್ಸೆಂಟೂ ಇಳಿಯಲಿಲ್ಲ. ನಮ್ಮ ಇನ್ವರ್ಟರ್ ಅಗ್ಗದ ಸ್ಕ್ವೇರ್ ವೇವ್‌ದು, ಅಂದರೆ ಅದರ ಕರೆಂಟು ಏರಿಳಿಯುವುದು ಒರಟಾಗಿ, ಮೆಟ್ಟಿಲಿನ ಹಾಗೆ. ಅದರಲ್ಲಿ ಫ್ಯಾನೇ ಗುಂಯ್‌ಗುಡುತ್ತದೆ, ಫ್ರಿಜ್ಜು, ನೆಬ್ಯುಲೈಸರ್ ಹಾಕಲು ನನಗೆ ಧೈರ್ಯವಿಲ್ಲ. ಪೆಟ್ಟಿಗೆಯದು ಪ್ಯೂರ್ ಸೈನ್ ವೇವ್, ಲೈನಿನ ಕರೆಂಟಿನ ಹಾಗೇ ನಯವಾದದ್ದು, ಆ ಚಿಂತೆ ಇಲ್ಲ. 190 ಲೀಟರಿನ ಫ್ರಿಜ್ಜನ್ನು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿದರೆ ಹಾಲು ಮೊಸರು ಉಳಿಯಿತು.

ಆದರೆ ಅಮ್ಮನನ್ನು ಕೇಳಿದರೆ ಇವತ್ತಿಗೂ ಇನ್ವರ್ಟರೇ ವಾಸಿ ಅನ್ನುತ್ತಾಳೆ. ಕಾರಣ ಸರಿಯಾಗಿದೆ. ಕರೆಂಟು ಹೋದದ್ದೇ ಗೊತ್ತಾಗದ ಹಾಗೆ ಅದೇ ಸ್ವಿಚ್ಚು, ಅದೇ ಫ್ಯಾನು. ಪೆಟ್ಟಿಗೆ ಅಂದರೆ ನಡುಮನೆ ತುಂಬ ಎಕ್ಸ್‌ಟೆನ್ಷನ್ ವೈರು. ಮೊದಲ ದಿನವೇ ಅದಕ್ಕೆ ಕಾಲು ತಾಗಿ ಅಮ್ಮ ಗೋಡೆ ಹಿಡಿದುಕೊಂಡಳು. ಇದನ್ನು ನೋಡಿದ ಅಕ್ಕನ ಮಗ, ಎರಡೂ ತುದಿಗೆ ಪ್ಲಗ್ ಇರುವ ವೈರು ಮಾಡಿ ಪೆಟ್ಟಿಗೆಯಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟರೆ ಇಡೀ ಮನೆಗೆ ಬರುತ್ತದಲ್ಲ ಮಾವ ಅಂದ. ಬೈದೆ. ಆ ಕರೆಂಟು ಮೀಟರ್ ದಾಟಿ ಹೊರಗಿನ ಲೈನಿಗೆ ಹೋದರೆ ಕಂಬದ ಮೇಲೆ ಮಳೆಯಲ್ಲಿ ನಿಂತ ಲೈನ್‌ಮನ್ ಗತಿ? ಮನೆ ವೈರಿಂಗಿಗೆ ಕೊಡಲೇಬೇಕೆಂದರೆ ಎಲೆಕ್ಟ್ರಿಷಿಯನ್ ಕರೆಸಿ, ಹೊರಗಿನ ಲೈನು ಕಡಿದು ಮನೆಯನ್ನು ಪೆಟ್ಟಿಗೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು, ಬೇರೆ ದಾರಿ ಇಲ್ಲ.

ಬಾವಿಯ ಒಂದು ಎಚ್‌ಪಿ ಪಂಪಿನ ಹತ್ತಿರ ಎರಡೂ ಸೋತವು. ಪೆಟ್ಟಿಗೆಯ ಮೇಲೆ 1800 ವ್ಯಾಟ್ ಅಂತ ಬರೆದಿದೆ, ಪಂಪು ಓಡುವಾಗ ತಿನ್ನುವುದು 1100 ಚಿಲ್ಲರೆ. ಆದರೆ ಏಳುವಾಗ ಅದಕ್ಕೆ ಹಲವು ಪಟ್ಟು ಬೇಕು. ಟಕ್ ಅಂದಿತು, ಆಫ್. ಪಕ್ಕದ ಮನೆಯವರ ಪೆಟ್ರೋಲ್ ಜನರೇಟರ್ ತಂದು ಅರ್ಧ ಗಂಟೆ ಓಡಿಸಿ ಟ್ಯಾಂಕು ತುಂಬಿಸಿಕೊಂಡೆವು. ಗಲಾಟೆ, ಹೊಗೆ, ಮನೆಯೊಳಗೆ ಇಡುವ ಹಾಗಿಲ್ಲ. ಆದರೂ ನೀರು ಬಂದದ್ದು ಅದರಿಂದಲೇ.

ಇನ್ನು ಕ್ಯಾಂಪು. ಜನವರಿಯಲ್ಲಿ ಶರಾವತಿ ಹಿನ್ನೀರಿನ ಪಕ್ಕ, ಗೆಳೆಯರೊಬ್ಬರ ತೋಟದಲ್ಲಿ ಎರಡು ರಾತ್ರಿ ಟೆಂಟು ಹಾಕಿದ್ದೆವು. ಇಲ್ಲಿ ಸ್ಪರ್ಧೆಗೆ ಟ್ಯೂಬ್ಯುಲರ್ ಇಲ್ಲವೇ ಇಲ್ಲ, ಐವತ್ತು ಕೆಜಿ ಮೇಲಿನ ಆಸಿಡ್ ತುಂಬಿದ ಸಾಮಾನನ್ನು ಯಾರು ಹೊರುತ್ತಾರೆ? ಹನ್ನೆರಡು ಕೆಜಿಯ ಪೆಟ್ಟಿಗೆಯೇ ಜೀಪಿನಿಂದ ದಡಕ್ಕೆ ಹೋಗುವಷ್ಟರಲ್ಲಿ ಎರಡು ಸಲ ಕೈ ಬದಲಾಯಿಸಿತು. ಹೋಲಿಕೆ ಗೆಳೆಯರ 500 ವ್ಯಾಟ್-ಅವರ್‌ನ ಸಣ್ಣ ಪೆಟ್ಟಿಗೆಯ ಜೊತೆ, ಆರು ಕೆಜಿ. ನನ್ನದರಲ್ಲಿ ಜಂಬಕ್ಕೆ ಎಲೆಕ್ಟ್ರಿಕ್ ಕೆಟಲ್ ಇಟ್ಟೆ. ಒಂದು ಲೀಟರ್ ನೀರು ಕುದಿಯುವಷ್ಟರಲ್ಲಿ ಹನ್ನೊಂದು ಪರ್ಸೆಂಟ್ ಹೋಯಿತು. ಮೂರನೇ ಸುತ್ತಿನ ಚಹಾಕ್ಕೆ ಮೂರನೇ ಒಂದು ಭಾಗ ಖಾಲಿ. ಆಮೇಲೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆವು. ದೀಪ, ಆರು ಮೊಬೈಲು, ಮಕ್ಕಳ ಸಣ್ಣ ಫ್ಯಾನು ಎಲ್ಲ ಸೇರಿ ಎರಡು ರಾತ್ರಿಗೆ ಆದ ಖರ್ಚು ಸಣ್ಣ ಪೆಟ್ಟಿಗೆಯಲ್ಲೇ ಮುಗಿಯುತ್ತಿತ್ತು. ಬರೀ ಕ್ಯಾಂಪಿಗೆ ಕೊಳ್ಳುವವರಿಗೆ ನನ್ನದರಷ್ಟು ದೊಡ್ಡದು ದಂಡ.

ಅಂದಹಾಗೆ ಕರೆಂಟಿಗೋಸ್ಕರ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ, ಊರೂರನ್ನೇ ಮುಳುಗಿಸಿದ ನೀರು ಅದು. ಅದರ ದಡದಲ್ಲಿ ಬ್ಯಾಟರಿ ಹೊತ್ತುಕೊಂಡು ಕೂತಿದ್ದೀರಲ್ಲ ಅಂತ ತೋಟದ ಕೆಲಸದವರು ನಕ್ಕರು.

100 ವ್ಯಾಟಿನ ಮಡಚುವ ಸೋಲಾರ್ ಫಲಕ ಜನವರಿಯ ನಡುಮಧ್ಯಾಹ್ನ 70 ಕೊಟ್ಟಿತ್ತು, ದಿನಕ್ಕೆ 300 ವ್ಯಾಟ್-ಅವರ್ ಹತ್ತಿರ. ಜುಲೈಯ ಮಳೆಯಲ್ಲಿ ಅದೇ ಫಲಕ ಜಗಲಿಯ ಅಂಚಿನಲ್ಲಿ 8, 10, ಒಮ್ಮೆ 12. ಮಲೆನಾಡಿನ ಮಳೆಗಾಲಕ್ಕೆ ಸೋಲಾರ್ ನಂಬಿ ಪೆಟ್ಟಿಗೆ ಕೊಳ್ಳುವುದು ಬೇಡ.

ಬಾಳಿಕೆಯಲ್ಲಿ ಪೆಟ್ಟಿಗೆ ಮುಂದೆ ಇರಬೇಕು. ಒಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್, ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದಾದ ಜಾತಿ. ಟ್ಯೂಬ್ಯುಲರ್‌ಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಟರ್ಮಿನಲ್ ಮೇಲೆ ಬೆಳೆಯುವ ಬೂದಿಯನ್ನು ಬಿಸಿನೀರಲ್ಲಿ ತೊಳೆಯಬೇಕು, ಖಾಲಿ ಬಿಟ್ಟರೆ ಕೆಟ್ಟಿತು. ಪೆಟ್ಟಿಗೆಯನ್ನು ಅರ್ಧ ತುಂಬಿಸಿಟ್ಟು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಅದನ್ನೂ ಮರೆತರೆ ಏನಾಗುತ್ತದೆಂದು ಗೆಳೆಯರ ಸಣ್ಣ ಪೆಟ್ಟಿಗೆ ತೋರಿಸಿಕೊಟ್ಟಿತು. ಕ್ಯಾಂಪಿನಿಂದ ಖಾಲಿಯಾಗಿ ಬಂದದ್ದು ಅಟ್ಟ ಸೇರಿ, ಗಣಪತಿ ಹಬ್ಬಕ್ಕೆ ದೀಪ ಹಾಕೋಣ ಅಂತ ಇಳಿಸಿದಾಗ ಏಳಲೇ ಇಲ್ಲ.

ಈಗ ನಮ್ಮ ಮನೆಯಲ್ಲಿ ಫ್ಯಾನು ದೀಪಕ್ಕೆ ಇನ್ವರ್ಟರ್, ಫ್ರಿಜ್ಜು ರೌಟರು ಅಮ್ಮನ ನೆಬ್ಯುಲೈಸರಿಗೆ ಪೆಟ್ಟಿಗೆ. ಟ್ಯೂಬ್ಯುಲರ್ ಈ ಬೇಸಗೆಗೆ ಬದಲಾಯಿಸಬೇಕು. ಹಳೇದಕ್ಕೆ 4,500 ಹಿಡಿಯುತ್ತೇನೆ ಅಂತ ಸಾಗರದ ಬ್ಯಾಟರಿ ಅಂಗಡಿಯವರು ಹೇಳಿದ್ದಾರೆ, ಸೀಸಕ್ಕೆ ಯಾವತ್ತೂ ಬೆಲೆ ಇದೆ. ಮುಂದೆ ಪೆಟ್ಟಿಗೆ ಹೋದರೆ ಅದಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿದೆ. ಅದರ ಫೋಟೊ ನೋಡಿ, ಫೋನು ವಾಪಸ್ ಕೊಟ್ಟು, ‘ಅದು ನಿಮ್ಮ ಹತ್ರಾನೇ ಇರ್ಲಿ ಬಿಡಿ’ ಅಂದರು.