ಫ್ರಾನ್ಸ್ ಕ್ರಾಂತಿನಾ, ರಷ್ಯಾ ಕ್ರಾಂತಿನಾ: ಸೆಮಿನಾರ್‌ಗೆ ಯಾವ್ದು ತಗೊಳ್ಳೋದು?

ಎರಡ್ರಲ್ಲೂ ಬ್ರೆಡ್ ಗಲಾಟೆ ಇದ್ದೇ ಇದೆ. ಫ್ರಾನ್ಸಲ್ಲಿ ಅಮೆರಿಕದ ಯುದ್ಧಕ್ಕೆ ದುಡ್ಡು ಸುರಿದು ಖಜಾನೆ ಖಾಲಿ, ಅದ್ರ ಮೇಲೆ 1788ರಲ್ಲಿ ಬೆಳೆನೂ ಕೈಕೊಟ್ತು, ತೆರಿಗೆ ಹೊರೆ ಮಾತ್ರ ಬಡವರ ತಲೆ ಮೇಲೆ, ಕೊನೆಗೆ 1789 ಜುಲೈ 14ಕ್ಕೆ ಜನ ಪ್ಯಾರಿಸ್‌ನ ಬಾಸ್ಟಿಲ್ ಕೋಟೆ-ಜೈಲಿಗೆ ನುಗ್ಗಿದ್ರು, ನೋಡಿದ್ರೆ ಒಳಗಿದ್ದ ಕೈದಿಗಳು ಬರೀ 7 ಜನ! ಹಾಂ, ಹಿಂದಿನ ವರ್ಷಾನೇ ನಮ್ಮ ಟಿಪ್ಪು ಕಳ್ಸಿದ್ದ ರಾಯಭಾರಿಗಳು ವರ್ಸೇಲ್ಸ್ ಅರಮನೇಲಿ ಆಗಿನ ರಾಜ 16ನೇ ಲೂಯಿನ ನೋಡಿ ಬಂದಿದ್ರು. ತೊಂದ್ರೆ ಏನಂದ್ರೆ ನಾಯಕರ ಹೆಸರುಗಳು ಜಾಸ್ತಿ, ಮಿರಾಬೊ, ಮಾರಾ, ಡಾಂಟನ್, ಆಮೇಲೆ ಎಷ್ಟೋ ಜನರನ್ನ ಗಿಲೊಟಿನ್‌ಗೆ (ತಲೆ ಕಡಿಯೋ ಯಂತ್ರ) ಕಳ್ಸಿ 1794ರಲ್ಲಿ ತಾನೂ ಅಲ್ಲಿಗೇ ಹೋದ ರೋಬೆಸ್ಪಿಯರ್.

ರಷ್ಯಾದ್ದು ಸ್ವಲ್ಪ ನೇರ. 1917, ಮಹಾಯುದ್ಧದಲ್ಲಿ ದೇಶ ಸೋತು ಸುಣ್ಣ, ಆಗಿನ ರಾಜಧಾನಿ ಪೆಟ್ರೋಗ್ರಾಡ್‌ನಲ್ಲಿ ಮಹಿಳಾ ದಿನದಂದೇ ಹೆಂಗಸ್ರು ಬ್ರೆಡ್ ಕೊಡಿ ಅಂತ ಬೀದಿಗಿಳಿದ್ರು, ಒಂದೇ ವಾರಕ್ಕೆ ದೊರೆ 2ನೇ ನಿಕೋಲಸ್ ಗಾದಿ ಬಿಟ್ಟ. ಆಮೇಲೆ ಬಂದ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥ ಕೆರೆನ್‌ಸ್ಕಿ ಯುದ್ಧ ನಿಲ್ಲಿಸ್ಲಿಲ್ಲ, ಬೊಲ್ಶೆವಿಕ್ ಪಕ್ಷದ ನಾಯಕ ಲೆನಿನ್‌ಗೆ ಅಧಿಕಾರ ಹಿಡಿಯೋಕೆ ಅದೇ ಚಾನ್ಸ್ ಆಯ್ತು. ಡೇಟ್ ಹುಷಾರು, ರಷ್ಯಾದ ಹಳೇ ಕ್ಯಾಲೆಂಡರ್ ಈಗಿನದಕ್ಕಿಂತ 13 ದಿನ ಹಿಂದೆ, ಅಕ್ಟೋಬರ್ ಕ್ರಾಂತಿ ಅಂದ್ರೆ ನವೆಂಬರ್ 7.

15 ನಿಮಿಷ ಅಷ್ಟೇ ಇದ್ರೆ ಕಣ್ಮುಚ್ಕೊಂಡು ರಷ್ಯಾ ತಗೊಳ್ಳಿ, ಟೈಮ್ ಇದ್ರೆ ಫ್ರಾನ್ಸೇ ಮಜಾ.